ಸೀಪ್ಲೇನ್ ಮಾದರಿಗೆ ತಂತಿ ಕಟ್ಟುವುದು: ಮೊದಲ ತೂತಿನಿಂದ ಕೊನೆಯ ದಾರದವರೆಗೆ

ಜೋಡಿ ರೆಕ್ಕೆಯ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ವಿಮಾನ) ಮಾದರಿಯ ಕಿಟ್ ತಂದವರಲ್ಲಿ ಬಹಳ ಜನ ಅದನ್ನು ಅಂಟಿಸಿ, ಬಣ್ಣ ಹಚ್ಚಿ, ಸ್ಟಿಕ್ಕರ್ ಹಾಕಿ, ತಂತಿ ಕಟ್ಟುವ ಹೊತ್ತಿಗೆ ಕೈಬಿಡುತ್ತಾರೆ. ಕೈ ನಡುಗುತ್ತೆ, ಕಣ್ಣು ಸಾಲದು, ದಾರ ಸಿಗಲ್ಲ ಅನ್ನುವುದು ಸಾಮಾನ್ಯ ಮಾತು. ನಿಜವಾದ ಕಾರಣ ಬೇರೆ. ರಿಗ್ಗಿಂಗ್, ಅಂದರೆ ಈ ತಂತಿ ಕಟ್ಟುವ ಕೆಲಸ, ಕೊನೆಯಲ್ಲಿ ಮಾಡುವ ಅಲಂಕಾರ ಅಂದುಕೊಂಡಿರುತ್ತಾರೆ. ಅದು ಡಬ್ಬಿ ಬಿಚ್ಚಿದ ದಿನವೇ ಶುರುವಾಗಬೇಕಾದ ಕೆಲಸ. ತೂತು ಎಲ್ಲಿ ಬರಬೇಕು, ಯಾವ ಕೋನದಲ್ಲಿ ಕೊರೆಯಬೇಕು ಅನ್ನುವುದು ರೆಕ್ಕೆ ಜೋಡಿಸುವ ಮೊದಲೇ ತೀರ್ಮಾನವಾದರೆ, ಆಮೇಲಿನದು ತಾಳ್ಮೆಯ ಕೆಲಸ ಅಷ್ಟೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಫೇರಿ ಸೋರ್ಡ್‌ಫಿಶ್ ವಿಮಾನದ ಫ್ಲೋಟ್ (ಚಕ್ರದ ಬದಲು ನೀರಿನ ಮೇಲೆ ತೇಲಿಸುವ ದೋಣಿಯಂಥ ಭಾಗ) ಇರುವ ರೂಪ. ಏರ್‌ಫಿಕ್ಸ್ ಕಂಪನಿಯ 1/72 ಅಳತೆಯ (ನಿಜ ಗಾತ್ರದ 72ರಲ್ಲಿ ಒಂದು ಪಾಲು) ಕಿಟ್ ಇದೆ. 1934ರಲ್ಲಿ ಮೊದಲು ಹಾರಿದ ವಿಮಾನ ಇದು. ರೆಕ್ಕೆಯ ಉದ್ದ 13.87 ಮೀಟರ್, ಅಂದರೆ ಮಾದರಿಯಲ್ಲಿ 19 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. 1940ರ ಏಪ್ರಿಲ್ 13ರಂದು ನಾರ್ವೆಯ ನಾರ್ವಿಕ್ ಬಳಿ ಬ್ರಿಟನ್ನಿನ ವಾರ್‌ಸ್ಪೈಟ್ ಯುದ್ಧನೌಕೆಯಿಂದ ಹೊರಟ ಇಂಥದ್ದೇ ಒಂದು ಫ್ಲೋಟ್ ವಿಮಾನ ಜರ್ಮನಿಯ ಯು-64 ಜಲಾಂತರ್ಗಾಮಿಯನ್ನು ಮುಳುಗಿಸಿತು. ಮೈತುಂಬ ತಂತಿ, ಕೆಳಗೆ ಎರಡು ಫ್ಲೋಟ್. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ವಿಮಾನ ಇಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಕೈಯಲ್ಲಿರುವುದು ಬೇರೆ ಸೀಪ್ಲೇನ್ ಆದರೂ ವಿಧಾನ ಇದೇ.

ಯಾವ ತಂತಿಗೆ ಯಾವ ಕೆಲಸ

ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದ ಹಾಗೆ ಹಿಡಿಯುವ ತಂತಿಗಳು ಕೆಳರೆಕ್ಕೆಯ ಬುಡದಿಂದ ಹೊರಟು ಹೊರಗಿನ ಸ್ಟ್ರಟ್‌ನ (ಎರಡು ರೆಕ್ಕೆಗಳ ನಡುವಿನ ಕಂಬ) ಮೇಲ್ತುದಿಗೆ ಹೋಗುತ್ತವೆ. ಇವು ಹಾರಾಟದ ತಂತಿಗಳು. ಎಲ್ಲಕ್ಕಿಂತ ಜಾಸ್ತಿ ಭಾರ ಇವುಗಳ ಮೇಲೇ ಬೀಳುತ್ತದೆ, ಅದಕ್ಕೆ ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ. ವಿಮಾನ ನಿಂತಿರುವಾಗ ರೆಕ್ಕೆ ತನ್ನ ಭಾರಕ್ಕೇ ಕೆಳಗೆ ಜೋಲುತ್ತದೆ. ಅದನ್ನು ತಡೆಯುವ ತಂತಿಗಳು ಮೇಲ್ರೆಕ್ಕೆಯ ನಡುಭಾಗದಿಂದ ಹೊರಗಿನ ಸ್ಟ್ರಟ್‌ನ ಕೆಳತುದಿಗೆ ಇಳಿಯುತ್ತವೆ. ಇವು ಇಳಿಯುವಾಗಿನ ತಂತಿಗಳು. ಮುಂದಿನ ಮತ್ತು ಹಿಂದಿನ ಸ್ಟ್ರಟ್‌ಗಳ ನಡುವೆ ಅಡ್ಡಡ್ಡ ಹೋಗುವ ತಂತಿಗಳು ರೆಕ್ಕೆ ತಿರುಚಿಕೊಳ್ಳದಂತೆ ಕಾಯುತ್ತವೆ.

ಸೀಪ್ಲೇನ್‌ಗೆ ಇದರ ಜೊತೆ ಇನ್ನೊಂದು ಗುಂಪು. ಅಲೆಗೆ ಬಡಿದಾಗ ಎರಡು ಫ್ಲೋಟ್‌ಗಳು ಕಾಲು ಅಗಲಿಸಿದ ಹಾಗೆ ಎರಡು ಕಡೆಗೆ ಸರಿಯಬಾರದು, ಹಿಂದೆ ಮುಂದೆ ಓಲಾಡಬಾರದು. ಅದಕ್ಕೆ ಫ್ಲೋಟ್‌ಗಳ ನಡುವೆ, ಫ್ಲೋಟ್‌ಗೂ ವಿಮಾನದ ಮೈಗೂ ನಡುವೆ ಕತ್ತರಿಯಾಕಾರದಲ್ಲಿ ತಂತಿ ಎಳೆದಿರುತ್ತಾರೆ.

ಇದಿಷ್ಟು ತಲೆಯಲ್ಲಿದ್ದರೆ ನಕ್ಷೆಯಲ್ಲಿ ಒಂದು ಗೆರೆ ಅಸ್ಪಷ್ಟವಾಗಿದ್ದರೂ ಅದು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನೀವೇ ಹೇಳಬಹುದು. ಇಷ್ಟಾದರೂ ಗೊಂದಲ ಇದ್ದರೆ ಒಂದು ಭಾನುವಾರ ಬೆಂಗಳೂರಿನ ಬಸ್ ಹತ್ತಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ 1903ರ ವಿಮಾನದ ಪೂರ್ತಿ ಗಾತ್ರದ ಪ್ರತಿಕೃತಿ ಇದೆ. ಅದು ಸೀಪ್ಲೇನ್ ಅಲ್ಲ, ನಿಜ. ಆದರೆ ಎರಡು ರೆಕ್ಕೆ, ನಡುವೆ ಕಂಬ, ಕರ್ಣದಲ್ಲಿ ಓಡುವ ತಂತಿ, ಎಲ್ಲವೂ ಕಣ್ಣೆದುರೇ ಇದೆ. ತಂತಿಯ ತುದಿ ಕಂಬದ ಬುಡಕ್ಕೆ ಹೇಗೆ ಬಂದು ಸೇರುತ್ತೆ ಅಂತ ನಿಂತು ನೋಡಿ. ಫೋಟೋದಲ್ಲಿ ಇದು ತಿಳಿಯುವುದಿಲ್ಲ.

ದಾರ ಎಷ್ಟು ಸಣ್ಣ ಇರಬೇಕು

ಹೆಚ್ಚಿನ ಮಾದರಿಗಳು ಸೋಲುವುದು ಇಲ್ಲೇ. ನಿಜವಾದ ವಿಮಾನದ ತಂತಿ 8 ಮಿ.ಮೀ. ಇದ್ದರೆ 1/72ರಲ್ಲಿ ಅದು 0.11 ಮಿ.ಮೀ., 1/48ರಲ್ಲಿ 0.17 ಮಿ.ಮೀ. ಹೊಲಿಗೆ ಮೆಷಿನ್ ದಾರ ಇದಕ್ಕಿಂತ ಎಷ್ಟೋ ದಪ್ಪ, ಮೇಲಾಗಿ ಜುಂಗು ಜುಂಗು. ಅದನ್ನು ಕಟ್ಟಿದ ವಿಮಾನ ದೂರದಿಂದಲೇ ಆಟಿಕೆ ಅನ್ನಿಸುತ್ತದೆ. ಅನುಮಾನ ಬಂದರೆ ಇನ್ನೂ ಸಣ್ಣದನ್ನೇ ಆರಿಸಿ.

ಚಿಕ್ಕಬಳ್ಳಾಪುರದಲ್ಲಿ ಮಾದರಿ ಸಾಮಾನಿನ ಅಂಗಡಿ ಹುಡುಕಿಕೊಂಡು ಕೂರಬೇಕಾಗಿಲ್ಲ. ಬೇಕಾದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಊರಿನಲ್ಲೇ ಇದೆ.

ಮೊದಲನೆಯದು ಲೈಕ್ರಾ ದಾರ. ಇದನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಕು. ರಬ್ಬರಿನಂತೆ ಹಿಗ್ಗುತ್ತದೆ, ಬೆರಳು ತಗುಲಿದರೂ ಮತ್ತೆ ನೆಟ್ಟಗಾಗುತ್ತದೆ. ಇನ್‌ಫಿನಿ ಕಂಪನಿಯದು 20, 40, 70, 110 ಡೆನಿಯರ್‌ಗಳಲ್ಲಿ ಬರುತ್ತದೆ. ಡೆನಿಯರ್ ಲೆಕ್ಕ ಶಿಡ್ಲಘಟ್ಟದ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ: 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತೋ ಅಷ್ಟು ಡೆನಿಯರ್. 1/72ರ ರೆಕ್ಕೆ ತಂತಿಗೆ 70 ಡೆನಿಯರ್ ಸರಿಹೋಗುತ್ತದೆ. ಚುಕ್ಕಾಣಿಗೆ ಹೋಗುವ ಸಣ್ಣ ಕೇಬಲ್ಲಿಗೆ, ರೇಡಿಯೋ ಏರಿಯಲ್ಲಿಗೆ 20 ಸಾಕು.

ಎರಡನೆಯದು ನಮ್ಮದೇ ಕಚ್ಚಾ ರೇಷ್ಮೆ. ನೂಲು ಬಿಚ್ಚಾಣಿಕೆ ಮಾಡುವ ಪರಿಚಯದವರ ಹತ್ತಿರ 20/22 ಡೆನಿಯರ್ ನೂಲು ಒಂದಿಷ್ಟು ಕೇಳಿ ಪಡೆಯಿರಿ. ಅದರ ದಪ್ಪ ಸುಮಾರು 0.05 ಮಿ.ಮೀ. 1/72ರಲ್ಲಿ ಅದು ಮೂರೂವರೆ ಮಿ.ಮೀ. ಕೇಬಲ್ಲಿಗೆ ಸಮ, ಚುಕ್ಕಾಣಿ ಕೇಬಲ್ಲಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅಂಟು ತೆಗೆಯದ ನೂಲೇ ಬೇಕು. ಅಂಟು ಬಿಟ್ಟ ರೇಷ್ಮೆಯ ಎಳೆಗಳು ಬಿಚ್ಚಿಕೊಂಡು ಜುಂಗು ಏಳುತ್ತದೆ. ರೇಷ್ಮೆ ತೇವ ಹೀರುತ್ತದೆ, ಮಳೆಗಾಲದಲ್ಲಿ ಉದ್ದದ ತಂತಿ ಸ್ವಲ್ಪ ಸಡಿಲವಾಗುತ್ತದೆ. ಹಾಗಾಗಿ ಗಿಡ್ಡ ತಂತಿಗಳಿಗೆ ಮಾತ್ರ ಇಟ್ಟುಕೊಳ್ಳಿ. ಕಪ್ಪು ಮಾರ್ಕರ್ ಪೆನ್ನಿನ ತುದಿಯ ಮೇಲೆ ಎಳೆದರೆ ಬಣ್ಣ ಬರುತ್ತದೆ, ಕಟ್ಟಿದ ಮೇಲೆ ಮ್ಯಾಟ್ ವಾರ್ನಿಶ್ ಒಂದು ಕೈ ಕೊಡಿ.

ಮೂರನೆಯದು ತಾಮ್ರದ ತಂತಿ. ಫ್ಯಾನು, ಮಿಕ್ಸಿ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿ. ಬೋರ್‌ವೆಲ್ ಮೋಟರು ನಂಬಿ ಬದುಕುವ ನಮ್ಮ ಜಿಲ್ಲೆಯಲ್ಲಿ ಇಂಥ ಅಂಗಡಿ ಇಲ್ಲದ ಬೀದಿಯೇ ಕಡಿಮೆ. 36 ಗೇಜ್ ಅಂದರೆ 0.19 ಮಿ.ಮೀ., 40 ಗೇಜ್ 0.12 ಮಿ.ಮೀ., 44 ಗೇಜ್ 0.08 ಮಿ.ಮೀ. ಒಂದೊಂದರಲ್ಲೂ ಒಂದು ಮಾರು ಸಾಕು.

ನಾಲ್ಕನೆಯದು ಗಾಳ ಹಾಕುವ ನೈಲಾನ್ ದಾರ, 0.10 ಅಥವಾ 0.12 ಮಿ.ಮೀ. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಬಣ್ಣವಿಲ್ಲದ ಸಣ್ಣ ನೈಲಾನ್ ದಾರವೂ ಆಗುತ್ತದೆ.

ಉಳಿದ ಸಾಮಾನು: ಕೈಯಲ್ಲಿ ತಿರುಗಿಸುವ ಪಿನ್ ವೈಸ್, 0.3 ಮತ್ತು 0.4 ಮಿ.ಮೀ. ಡ್ರಿಲ್ ಬಿಟ್ (ಎರಡು ಮೂರು ಜಾಸ್ತಿ ಇರಲಿ, ಮುರಿಯುತ್ತವೆ), ತುದಿ ಚೂಪಾದ ಟ್ವೀಜರ್ ಎರಡು, ಫೆವಿಕ್ವಿಕ್, ಹೊಸ ಬ್ಲೇಡು, ಮಕ್ಕಳ ಜಾಮಿಟ್ರಿ ಬಾಕ್ಸಿನ ಡಿವೈಡರ್. ಮೆಡಿಕಲ್ ಸ್ಟೋರಿನಿಂದ ಬಳಸದ ಹೊಸ ಇನ್ಸುಲಿನ್ ಸೂಜಿ ಒಂದೆರಡು. ಅದರ ಉಪಯೋಗ ಮುಂದೆ ಹೇಳುತ್ತೇನೆ.

ತೂತು ಕೊರೆಯುವುದು

ರೆಕ್ಕೆಗಳು ಇನ್ನೂ ಬಿಡಿಬಿಡಿಯಾಗಿ ಇರುವಾಗಲೇ ಈ ಕೆಲಸ ಮುಗಿಯಬೇಕು. ಸ್ಟ್ರಟ್ ಕೂರುವ ಗುಳಿಯ ಪಕ್ಕದಲ್ಲಿ, ಅದಕ್ಕೆ ತಾಗಿಯೇ ಪೆನ್ಸಿಲ್ ಚುಕ್ಕಿ ಇಡಿ. ಚುಕ್ಕಿಯ ಮೇಲೆ ಸೂಜಿ ಮೊನೆ ಒತ್ತಿ ಸಣ್ಣ ಗುಳಿ ಮಾಡಿ. ಹಾಗೆ ಮಾಡದಿದ್ದರೆ ಬಿಟ್ ಜಾರಿ ರೆಕ್ಕೆ ಮೇಲೆ ಗೀರು ಬೀಳುತ್ತದೆ. ಬಿಟ್ಟಿನ ತುದಿಗೆ ಸ್ವಲ್ಪ ಸೋಪು ಸವರಿ, ಒತ್ತದೆ, ಬೆರಳ ತುದಿಯಲ್ಲಿ ನಿಧಾನ ತಿರುಗಿಸಿ.

ಕೋನ ಬಹಳ ಮುಖ್ಯ. ತೂತು ನೆಟ್ಟಗೆ ಇಳಿದರೆ ದಾರ ಅಂಚಿನಲ್ಲಿ ಮುರಿದು ಬಾಗಿದ ಹಾಗೆ ಕಾಣುತ್ತದೆ. ತಂತಿ ಹೋಗಬೇಕಾದ ದಿಕ್ಕಿಗೇ ಪಿನ್ ವೈಸ್ ವಾಲಿಸಿ ಕೊರೆಯಿರಿ. ಆದರೆ ಶುರುವಿನಲ್ಲೇ ವಾಲಿಸಿದರೆ ಜಾರುತ್ತದೆ. ಎರಡು ಸುತ್ತು ನೆಟ್ಟಗೆ, ಆಮೇಲೆ ನಿಧಾನವಾಗಿ ವಾಲಿಸಿ.

ಲೈಕ್ರಾ, ತಾಮ್ರದ ತಂತಿಗೆ ಪೂರ್ತಿ ತೂತು ಬೇಡ. ಅರ್ಧ ಮಿ.ಮೀ.ಯಿಂದ ಮುಕ್ಕಾಲು ಮಿ.ಮೀ. ಆಳದ ಗುಳಿ ಸಾಕು. ನೈಲಾನ್ ಹಾಕುವುದಾದರೆ ಒಂದು ರೆಕ್ಕೆಯಲ್ಲಾದರೂ ತೂತು ಆಚೆಗೆ ತೂರಬೇಕು. ತೂರುವ ತೂತು ಕೆಳರೆಕ್ಕೆಯಲ್ಲಿ ಇರಲಿ, ಆಮೇಲೆ ಮುಚ್ಚಿದ ಗುರುತು ಅಡಿಯಲ್ಲಿ ಉಳಿಯುತ್ತದೆ.

ಕೊರೆದ ಪ್ರತಿ ತೂತಿಗೂ ತಾಮ್ರದ ತಂತಿಯ ಒಂದು ಚೂರು ಸಿಕ್ಕಿಸಿ ಆಮೇಲೆ ಬಣ್ಣ ಹೊಡೆಯಿರಿ. ಇಲ್ಲದಿದ್ದರೆ ಬಣ್ಣ ತುಂಬಿ ತೂತು ಮಾಯವಾಗುತ್ತದೆ.

ಸಣ್ಣ ಸಣ್ಣ ವಿವರಗಳು

ತಂತಿ ಕಟ್ಟಿದ ಮೇಲೆ ಒಳಗೆ ಕೈ ಹಾಕಲು ಆಗುವುದಿಲ್ಲ. ಅದಕ್ಕೆ ಕಾಕ್‌ಪಿಟ್, ಎಂಜಿನ್, ಫ್ಲೋಟ್ ಮೊದಲು.

ಸೋರ್ಡ್‌ಫಿಶ್‌ನ ಕಾಕ್‌ಪಿಟ್‌ಗೆ ಮೇಲೆ ಗಾಜಿಲ್ಲ, ಮೂರು ಜನ ಕೂರುವ ಜಾಗ ತೆರೆದೇ ಇರುತ್ತದೆ. ಸೀಟ್ ಬೆಲ್ಟ್ ಇಲ್ಲದಿದ್ದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ ಅರ್ಧ ಮಿ.ಮೀ. ಅಗಲದ ಪಟ್ಟಿ ಕುಯ್ಯಿರಿ, ಮಾಸಲು ಬಿಳಿ ಬಣ್ಣ ಕೊಡಿ, ಬಕಲ್ ಜಾಗಕ್ಕೆ ಬೆಳ್ಳಿ ಬಣ್ಣದ ಒಂದು ಚುಕ್ಕಿ.

ಇನ್ಸುಲಿನ್ ಸೂಜಿಯ ಕೆಲಸ ಈಗ. 31 ಗೇಜ್ ಸೂಜಿಯ ಹೊರ ದಪ್ಪ 0.26 ಮಿ.ಮೀ., 1/72ರಲ್ಲಿ ಸುಮಾರು 19 ಮಿ.ಮೀ. ಹಿಂದಿನ ಗನ್ನಿನ ನಳಿಗೆಗೆ ಇದಕ್ಕಿಂತ ಚೆನ್ನಾಗಿರುವುದು ಸಿಗುವುದಿಲ್ಲ, ಯಾಕೆಂದರೆ ತುದಿಯಲ್ಲಿ ನಿಜವಾದ ತೂತೇ ಇರುತ್ತದೆ. ರೆಕ್ಕೆಯಿಂದ ಮುಂದಕ್ಕೆ ಚಾಚುವ ವೇಗ ಅಳೆಯುವ ನಳಿಗೆಗೂ ಇದೇ. ಸೂಜಿಯನ್ನು ಗಟ್ಟಿ ನೆಲೆಯ ಮೇಲಿಟ್ಟು ಸಣ್ಣ ಅರದಿಂದ ಸುತ್ತ ಗೀರಿ, ಆಮೇಲೆ ಬಗ್ಗಿಸಿ ಮುರಿಯಿರಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಚೂಪು ತುದಿಯನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಬಿಸಾಡಿ.

ಎಂಜಿನ್ ಬ್ರಿಸ್ಟಲ್ ಪೆಗಾಸಸ್, ಸುತ್ತ ಒಂಬತ್ತು ಸಿಲಿಂಡರ್. ಮೊದಲು ಕಡು ಬೂದು, ಒಣಗಿದ ಮೇಲೆ ತೆಳು ಕಪ್ಪು ನೀರುಬಣ್ಣ ಹರಿಸಿ, ಕೊನೆಗೆ ಒಣ ಕುಂಚದಲ್ಲಿ ಬೆಳ್ಳಿ ಬಣ್ಣ ಸವರಿದರೆ ಸಿಲಿಂಡರಿನ ರೆಕ್ಕೆಸಾಲು ಎದ್ದು ಕಾಣುತ್ತದೆ. ಸ್ಪಾರ್ಕ್ ಪ್ಲಗ್ ವೈರಿಗೆ 40 ಗೇಜ್ ತಾಮ್ರ. ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್ ಇರುತ್ತವೆ, ಆದರೆ ಈ ಅಳತೆಯಲ್ಲಿ ಮುಂದೆ ಕಾಣುವ ಒಂಬತ್ತನ್ನು ಹಾಕಿದರೆ ಸಾಕು. ಎಂಜಿನ್ ಸುತ್ತಲಿನ ಉಂಗುರದ ಮುಂದಿನ ಅಂಚು ಹೊಗೆ ಸೇರುವ ಕೊಳವೆ. ಅದಕ್ಕೆ ಮೈ ಬಣ್ಣ ಹಚ್ಚಬೇಡಿ. ಬಿಸಿಗೆ ಬೆಂದ ಕಂಚಿನ ಬಣ್ಣ ಕೊಡಿ.

ಫ್ಲೋಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಸೀಪ್ಲೇನಿನ ಜೀವ ಅಲ್ಲಿದೆ. ಎರಡು ಹೋಳು ಅಂಟಿಸಿದ ಮೇಲೆ ಉಳಿಯುವ ಜೋಡಣೆ ಗೆರೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ಉಜ್ಜುವ ಭರದಲ್ಲಿ ಅಡಿಯ ಅಂಚುಗಳನ್ನು ಗುಂಡಗೆ ಮಾಡಬೇಡಿ. ಫ್ಲೋಟಿನ ಅಡಿಯಲ್ಲಿ ನಡುವೆ ಒಂದು ಮೆಟ್ಟಿಲು ಇರುತ್ತೆ ಅಲ್ವಾ, ಅದು ಸುಮ್ನೆ ಇಟ್ಟದ್ದಲ್ಲ. ವಿಮಾನ ನೀರಿನ ಮೇಲೆ ಓಡುವಾಗ ನೀರು ಫ್ಲೋಟಿನ ಹಿಂಭಾಗವನ್ನು ಹೀರಿ ಹಿಡಿದುಕೊಳ್ಳುತ್ತದೆ. ಆ ಮೆಟ್ಟಿಲಿನ ಬಳಿ ನೀರಿನ ಹಿಡಿತ ಕಡಿದು, ಗಾಳಿ ಒಳನುಗ್ಗಿ, ವಿಮಾನ ಮೇಲೇಳುತ್ತದೆ. ಆ ಅಂಚು ಕತ್ತರಿಸಿದ ಹಾಗೆ ಚೂಪಾಗಿರಬೇಕು. ಪುಟ್ಟಿ ತುಂಬಿ ಮೊಂಡಾಗಿದ್ದರೆ ಬ್ಲೇಡಿನಿಂದ ಕೆರೆದು ಮತ್ತೆ ಎಬ್ಬಿಸಿ.

ಫ್ಲೋಟಿನ ಮೇಲೆ ಹಗ್ಗ ಕಟ್ಟುವ ಕೊಂಡಿಗಳನ್ನು 36 ಗೇಜ್ ತಂತಿ ಬಗ್ಗಿಸಿ ಮಾಡಿ. 0.3 ಮಿ.ಮೀ. ತೂತಿಗೆ ಎರಡು ಕಾಲು ಇಳಿಸಿ ಒಂದು ಹನಿ ಗೋಂದು. ಓಡಾಡುವ ಜಾಗಕ್ಕೆ ಗಾಢ ಬೂದು ಪಟ್ಟಿ. ಹಡಗಿನ ಕ್ರೇನ್ ವಿಮಾನವನ್ನು ನೀರಿನಿಂದ ಎತ್ತುವುದು ಮೇಲ್ರೆಕ್ಕೆಯ ನಡುವಿನಿಂದ. ಅಲ್ಲೊಂದು ತಾಮ್ರದ ಉಂಗುರ ಇಟ್ಟರೆ ನೋಡುವವರು ಇದು ಹಡಗಿನ ವಿಮಾನ ಅಂತ ಗುರುತಿಸುತ್ತಾರೆ.

ಕಟ್ಟುವ ಕ್ರಮ

ಬಣ್ಣ, ಗುರುತು, ವಾರ್ನಿಶ್ ಎಲ್ಲ ಮುಗಿದು ಒಂದು ದಿನ ಒಣಗಿದ ಮೇಲೆ ಮೇಲ್ರೆಕ್ಕೆ ಕೂರಿಸಿ. ಸ್ಟ್ರಟ್‌ಗಳ ಅಂಟು ರಾತ್ರಿಯಿಡೀ ಗಟ್ಟಿಯಾಗಲಿ. ಫ್ಲೋಟ್ ಇನ್ನೂ ಹಾಕಬೇಡಿ. ಅದಿಲ್ಲದಿದ್ದರೆ ವಿಮಾನವನ್ನು ಸ್ಪಂಜಿನ ಮೇಲೆ ಬೇಕಾದ ಹಾಗೆ ತಿರುಗಿಸಬಹುದು.

ಫ್ಯಾನ್ ಆರಿಸಿ. ಆಷಾಢದ ಗಾಳಿಯಲ್ಲಿ ಕಿಟಕಿ ತೆರೆದು ಈ ಕೆಲಸಕ್ಕೆ ಕೂತರೆ ದಾರ ಕೈಗೇ ಸಿಗುವುದಿಲ್ಲ.

ಒಳಗಿನಿಂದ ಹೊರಗೆ ಬನ್ನಿ. ಮೈ ಮತ್ತು ಮೇಲ್ರೆಕ್ಕೆ ನಡುವಿನ ಗಿಡ್ಡ ತಂತಿಗಳು ಮೊದಲು, ಆಮೇಲೆ ಇಳಿಯುವಾಗಿನ ತಂತಿ, ಆಮೇಲೆ ಹಾರಾಟದ ಜೋಡಿ ತಂತಿ, ಕೊನೆಗೆ ಸ್ಟ್ರಟ್‌ಗಳ ನಡುವಿನ ಕತ್ತರಿ ತಂತಿ. ಹೊರಗಿನದನ್ನು ಮೊದಲು ಕಟ್ಟಿದರೆ ಒಳಗೆ ಟ್ವೀಜರ್ ಹೋಗುವುದಿಲ್ಲ. ಎಡದಲ್ಲಿ ಒಂದು ಕಟ್ಟಿದ ಕೂಡಲೇ ಬಲದಲ್ಲಿ ಅದರ ಜೊತೆಯದನ್ನು ಕಟ್ಟಿ. ಒಂದೇ ಕಡೆ ಎಳೆತ ಬಿದ್ದರೆ ರೆಕ್ಕೆ ಆ ಕಡೆಗೆ ವಾಲುತ್ತದೆ.

ಲೈಕ್ರಾ ಆದರೆ ಹೀಗೆ. ಫೆವಿಕ್ವಿಕ್ ಒಂದು ಹನಿಯನ್ನು ಹಳೆಯ ಮಾತ್ರೆ ಹಾಳೆಯ ಗುಳಿಗೆ ಬಿಡಿ. ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಅರ್ಧಕ್ಕೆ ಕತ್ತರಿಸಿದರೆ ಪುಟ್ಟ ಕವಲು ಸಿಗುತ್ತದೆ. ಅದನ್ನು ಗೋಂದಿಗೆ ಅದ್ದಿದರೆ ಬೇಕಾದಷ್ಟೇ ಬರುತ್ತದೆ. ದಾರದ ತುದಿಗೆ ಇಷ್ಟು ಮುಟ್ಟಿಸಿ ಮೇಲಿನ ಗುಳಿಗೆ ಇಳಿಸಿ, ಹತ್ತು ಎಣಿಸುವವರೆಗೆ ಹಿಡಿಯಿರಿ. ಐದು ನಿಮಿಷ ಬಿಡಿ. ಆಮೇಲೆ ದಾರವನ್ನು ಕೆಳಗಿನ ಗುಳಿಯವರೆಗೆ ತಂದು, ಇದ್ದ ಉದ್ದಕ್ಕಿಂತ ಹತ್ತರಲ್ಲಿ ಒಂದು ಪಾಲು ಮಾತ್ರ ಹಿಗ್ಗುವ ಹಾಗೆ ಅಳೆದು ಕತ್ತರಿಸಿ, ತುದಿಗೆ ಗೋಂದು ಮುಟ್ಟಿಸಿ, ಗುಳಿಗೆ ಸೇರಿಸಿ. ಲೈಕ್ರಾ ಇನ್ನೂ ಎಷ್ಟೋ ಹಿಗ್ಗುತ್ತದೆ, ಆದರೆ ಹಿಗ್ಗಿಸಬೇಡಿ. ಹತ್ತಾರು ದಾರಗಳ ಎಳೆತ ಸೇರಿದರೆ ಪ್ಲಾಸ್ಟಿಕ್ ಸ್ಟ್ರಟ್ ಬಾಗುತ್ತದೆ.

ಫೆವಿಕ್ವಿಕ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮಾರ್ಚ್ ಏಪ್ರಿಲ್‌ನ ಒಣ ಮಧ್ಯಾಹ್ನ ಅದು ಸತಾಯಿಸುತ್ತದೆ. ಹತ್ತಿರದಿಂದ ಒಮ್ಮೆ ಬಾಯಿಂದ ಬಿಸಿ ಉಸಿರು ಬಿಟ್ಟರೆ ಹಿಡಿದುಕೊಳ್ಳುತ್ತದೆ. ಗಾಜಿನಂಥ ಭಾಗಗಳ ಹತ್ತಿರ ಜೋಪಾನ. ಗೋಂದಿನ ಆವಿಗೆ ಅವು ಬೆಳ್ಳಗೆ ಮಂಜಾಗುತ್ತವೆ. ಅಲ್ಲಿ ಫೆವಿಕಾಲ್‌ನಂಥ ಬಿಳಿ ಗೋಂದೇ ಸರಿ.

ನೈಲಾನ್ ವಿಧಾನ ಬೇರೆ. ಮೇಲ್ರೆಕ್ಕೆಯ ಗುಳಿಗೆ ತುದಿ ಅಂಟಿಸಿ, ಕೆಳರೆಕ್ಕೆಯ ತೂತಿನಿಂದ ಆಚೆಗೆ ತೂರಿಸಿ, ಕೆಳಗೆ ನೇತಾಡುವ ತುದಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ. ಕ್ಲಿಪ್ಪಿನ ಭಾರಕ್ಕೆ ದಾರ ನೆಟ್ಟಗಾಗುತ್ತದೆ. ತೂತಿಗೆ ಗೋಂದು ಮುಟ್ಟಿಸಿ, ಒಣಗಿದ ಮೇಲೆ ರೆಕ್ಕೆಗೆ ಸಮವಾಗಿ ಕುಯ್ದು, ಉಜ್ಜಿ, ಬಣ್ಣ ಹಚ್ಚಿ. ಎಲ್ಲೋ ಒಂದು ಸ್ವಲ್ಪ ಜೋಲುತ್ತಿದ್ದರೆ ಊದುಬತ್ತಿ ಹಚ್ಚಿ, ಅದರ ಕೆಂಡವನ್ನು ದಾರದ ಹತ್ತಿರ, ತಾಗದ ಹಾಗೆ ಸರ್ರನೆ ಸಾಗಿಸಿ. ಬಿಸಿಗೆ ನೈಲಾನ್ ಕುಗ್ಗಿ ಕಣ್ಣೆದುರೇ ಬಿಗಿಯಾಗುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಕಡಿದುಹೋಗುತ್ತದೆ. ಲೈಕ್ರಾ ಹತ್ತಿರ ಊದುಬತ್ತಿ ತರಲೇಬೇಡಿ.

ತಾಮ್ರದ ತಂತಿಯನ್ನು ಮೊದಲು ನೆಟ್ಟಗೆ ಮಾಡಬೇಕು. ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಇನ್ನೊಂದನ್ನು ಎಳೆಯುತ್ತಾ ಹೋದರೆ, ಒಂದು ಹಂತದಲ್ಲಿ ಅದು ಸ್ವಲ್ಪ ಉದ್ದವಾಗಿ ಬಿಟ್ಟುಕೊಡುವುದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಡಿವೈಡರ್‌ನಿಂದ ಎರಡು ಗುಳಿಗಳ ದೂರ ಅಳೆದು, ಕೂದಲೆಳೆಯಷ್ಟು ಜಾಸ್ತಿ ಕತ್ತರಿಸಿ, ಎರಡು ತುದಿಯನ್ನೂ ಗುಳಿಗೆ ಇಳಿಸಿ. ಗಿಡ್ಡ ಕತ್ತರಿ ತಂತಿಗಳಿಗೆ ನಾನು ಇದನ್ನೇ ಬಳಸುವುದು. ಉದ್ದಕ್ಕೆ ಬೇಡ, ಬೆರಳು ತಗುಲಿದರೆ ಬಾಗಿದ್ದು ಬಾಗಿದ್ದೇ.

1/48 ಕಟ್ಟುವವರಿಗೆ ಒಂದು ಮಾತು. ನಿಜವಾದ ರೆಕ್ಕೆ ತಂತಿ ದುಂಡಗಿರಲಿಲ್ಲ, ಗಾಳಿ ಸೀಳುವಂತೆ ಚಪ್ಪಟೆಯಾಗಿತ್ತು. ತಮಿಯಾ ಕಂಪನಿ ತನ್ನ 1/48 ಸೋರ್ಡ್‌ಫಿಶ್‌ಗೆ ಲೋಹದ ಹಾಳೆಯಲ್ಲಿ ಕೊರೆದ ತಂತಿಗಳನ್ನು ಬೇರೆಯಾಗಿ ಮಾರಿತ್ತು. ಸಿಕ್ಕರೆ ಬಿಡಬೇಡಿ. ಬಿಗಿ ಮಾಡುವ ತಿರುಪುಗಳನ್ನೂ 1/48ರಿಂದ ಮೇಲೆ ತೋರಿಸಬಹುದು. ಇನ್ಸುಲಿನ್ ಸೂಜಿಯ ಒಂದು ಮಿ.ಮೀ. ಚೂರಿಗೆ ದಾರ ಪೋಣಿಸಿ ತುದಿಗೆ ಸರಿಸಿದರೆ ಆಯಿತು. 1/72ರಲ್ಲಿ ಅದನ್ನು ಹಾಕಿದರೆ ಗಂಟಿನಂತೆ ಕಾಣುತ್ತದೆ.

ಫ್ಲೋಟ್ ಮತ್ತು ಅದರ ತಂತಿ

ಗ್ರಾಫ್ ಹಾಳೆಯ ಮೇಲೆ ಎರಡು ಸಮಾನಾಂತರ ಗೆರೆ ಎಳೆದು ಫ್ಲೋಟ್‌ಗಳನ್ನು ಆ ಗೆರೆಯ ಮೇಲೆ ಟೇಪಿನಿಂದ ಹಿಡಿಸಿ. ಸ್ಟ್ರಟ್ ಅಂಟಿಸಿ, ವಿಮಾನವನ್ನು ಮೇಲಿಂದ ಇಳಿಸಿ, ಎರಡು ಕಡೆ ರೆಕ್ಕೆ ತುದಿಯಿಂದ ಮೇಜಿಗೆ ಎಷ್ಟು ಎತ್ತರ ಅಂತ ಸ್ಕೇಲಿನಲ್ಲಿ ಅಳೆಯಿರಿ. ಸಮ ಬರುವವರೆಗೆ ಪುಸ್ತಕ ಒತ್ತು ಕೊಟ್ಟು ನಿಲ್ಲಿಸಿ. ರಾತ್ರಿ ಕಳೆಯಲಿ.

ಮರುದಿನ ಥರ್ಮಕೋಲ್‌ನಲ್ಲಿ ಮೇಲ್ರೆಕ್ಕೆ ಕೂರುವಷ್ಟು ಗುಂಡಿ ಕೊರೆದು ಮಾದರಿಯನ್ನು ಬೋರಲು ಮಲಗಿಸಿ. ಈಗ ಫ್ಲೋಟ್‌ಗಳು ಮೇಲೆ, ಕೈಗೆ ಸಲೀಸು. ಎರಡು ಫ್ಲೋಟ್‌ಗಳ ನಡುವಿನ ಕತ್ತರಿ ಮೊದಲು, ಫ್ಲೋಟಿನಿಂದ ಮೈಗೆ ಹೋಗುವುದು ಆಮೇಲೆ. ಇಲ್ಲಿ ಎಳೆತ ಇನ್ನೂ ಕಡಿಮೆ ಇರಲಿ, ಯಾಕೆಂದರೆ ಪೂರ್ತಿ ಮಾದರಿಯ ಭಾರ ಹೊರುವ ಸ್ಟ್ರಟ್‌ಗಳು ಇವೇ. ಚುಕ್ಕಾಣಿಯ ಕೇಬಲ್, ಏರಿಯಲ್ ಎಲ್ಲಕ್ಕಿಂತ ಕೊನೆಗೆ.

ಫ್ಲೋಟಿನ ಅಡಿಗೆ ನೀರಿನ ಕಲೆ ಬೇಕಿದ್ದರೆ ತೆಳು ಬೂದು ಬಣ್ಣವನ್ನು ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಒತ್ತಿ, ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಜಾಸ್ತಿ ಬೇಡ.

ನಮ್ಮ ಕಡೆ ಕಲ್ಲಿನ ಪುಡಿ, ರಸ್ತೆ ಧೂಳು ಎರಡೂ ಉಂಟು. ತಂತಿಯ ಮೇಲೆ ಧೂಳು ಕೂತರೆ ಒರೆಸಲು ಆಗುವುದಿಲ್ಲ, ಆದ್ದರಿಂದ ಅಕ್ರಿಲಿಕ್ ಪೆಟ್ಟಿಗೆ ಮೊದಲೇ ಮಾಡಿಸಿಡಿ. ಯಾವಾಗಲಾದರೂ ಒಂದು ದಾರ ಕಿತ್ತುಬಂದರೆ ಎಳೆದು ತೆಗೆಯಬೇಡಿ, ಬಣ್ಣವೂ ಜೊತೆಗೆ ಬರುತ್ತದೆ. ಎರಡು ತುದಿಯಲ್ಲೂ ಹೊಸ ಬ್ಲೇಡಿನಿಂದ ಕುಯ್ಯಿರಿ, 0.3 ಬಿಟ್ಟಿನಿಂದ ಹಳೆಯ ಗುಳಿಯನ್ನೇ ಮತ್ತೆ ತೆರೆಯಿರಿ, ಅದೇ ಡೆನಿಯರ್ ದಾರ ಹಾಕಿ. ಪ್ರತಿ ಮಾದರಿಗೆ ಬಳಸಿದ ದಾರದ ಒಂದು ತುಂಡನ್ನು ಅದಕ್ಕಾಗಿಯೇ ಕಿಟ್ ಡಬ್ಬಿಯೊಳಗೆ ಟೇಪ್ ಹಾಕಿ ಇಟ್ಟುಕೊಳ್ಳಿ.